ಯಾವುದು ಗೆದ್ದರೂ ಆಗಲಿ ಅಂತ

ಕೋಟೆ ಓಣಿ, ಹರಿಹರ
ಸೋಮವಾರ, ೧೫-೧-೧೯೬೮

ಮಂಗಳಿಯ ಅಪ್ಪನವರಿಗೆ ಕಮಲಳ ಪ್ರೀತಿಯ ಶರಣು ಶರಣಾರ್ಥಿ.

ನೀವು ಹೇಗಿದ್ದೀರಿ? ಹೋದ ಕಾಗದದಲ್ಲಿ ಕೆಮ್ಮು ಇನ್ನೂ ಬಿಟ್ಟಿಲ್ಲ ಎಂದು ಬರೆದಿದ್ದಿರಿ. ದೆಹಲಿಯ ಚಳಿಗೆ ನಮ್ಮ ಕಡೆಯವರ ಎದೆ ಎಲ್ಲಿ ತಾಳೀತು ಎಂದು ಅತ್ತೆ ಎದ್ದರೆ ಕೂತರೆ ನಿಟ್ಟುಸಿರು ಬಿಡುತ್ತಾರೆ. ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸಿ ಕುಡಿಯಿರಿ ಎಂದು ನಾನು ಬರೆದರೆ, ಪಾತ್ರೆ ಎಲ್ಲಿದೆ ಎಂದು ನೀವು ಬರೆಯುತ್ತೀರಿ. ಚಹಾ ಕಾಯಿಸುವ ಆ ಸೊಟ್ಟ ಅಲ್ಯೂಮಿನಿಯಂ ಪಾತ್ರೆ ಇದೆಯಲ್ಲ, ಕಷಾಯ ಕಾಯಿಸಿದರೆ ಅದರ ಜಾತಿ ಕೆಡುತ್ತದೆಯೇ? ಅದರಲ್ಲೇ ಕುದಿಸಿ. ನಾನು ಹೆಣೆದು ಕಳಿಸಿದ ಮಫ್ಲರನ್ನು ಕತ್ತಿಗೆ ಸುತ್ತಿಕೊಳ್ಳುತ್ತೀರೋ, ಇಲ್ಲ ರೂಮಿನ ಗೆಳೆಯರು ನಗುತ್ತಾರೆಂದು ತಲೆದಿಂಬಿನ ಕೆಳಗೆ ಇಟ್ಟಿದ್ದೀರೋ, ಅದನ್ನು ಮಾತ್ರ ನೀವು ಬರೆಯುವುದಿಲ್ಲ. ಇಲ್ಲಿ ಮೊಣಕಾಲು ನೋವೊಂದನ್ನು ಬಿಟ್ಟರೆ ಅತ್ತೆ ಗಟ್ಟಿಯಾಗಿದ್ದಾರೆ. ಎಮ್ಮೆ ಈದಿದೆ, ಹೆಣ್ಣುಗರು. ಮಂಗಳಿಗೆ ಬಿದ್ದ ಮುಂದಿನ ಹಲ್ಲುಗಳು ಮತ್ತೆ ಬಂದಿವೆ, ನಿಮ್ಮ ಹಾಗೆಯೇ ಒಂದು ಸ್ವಲ್ಪ ಓರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ದಣಿದಿದ್ದೇನೆ. ಕೆಲಸದ ದಣಿವಲ್ಲ. ಅದಾದರೆ ಒಂದು ನಿದ್ದೆ ಮಾಡಿದರೆ ಹೋಗುತ್ತದೆ.

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಪಾರ್ಲಿಮೆಂಟಿನಲ್ಲಿ ಮಸೂದೆ ಪಾಸಾಗಿದೆ, ಇಂಗ್ಲಿಷ್ ಉಳಿಯುತ್ತದೆ, ಆದರೂ ಇಲ್ಲಿ ದಿನಾ ಗಲಾಟೆ, ಹುಡುಗರು ಇಂಗ್ಲಿಷ್ ಬೋರ್ಡು ಕಂಡಲ್ಲಿ ಡಾಂಬರು ಬಳಿಯುತ್ತಿದ್ದಾರೆ, ಇದೆಲ್ಲ ಒಂದು ತೀರ್ಮಾನಕ್ಕೆ ಬರಲಿ, ಆಮೇಲೆ ಮನೆ ನೋಡೋಣ ಎಂದು ಬರೆದಿದ್ದೀರಿ. ಓದಿ ಮಡಚಿ ಇಟ್ಟೆ. ಅತ್ತೆ "ಏನಂತೆ?" ಎಂದರು. "ತೀರ್ಮಾನ ಆಗಬೇಕಂತೆ" ಎಂದೆ. ಅವರು ಬೀಸುವ ಕಲ್ಲಿನ ಹತ್ತಿರ ಹೋಗಿ ಕೂತರು. ಈ ಮನೆಯಲ್ಲಿ ತೀರ್ಮಾನ ಎಂಬ ಮಾತು ಉಪ್ಪು, ಮೆಣಸಿನಕಾಯಿಯ ಹಾಗೆ ದಿನಬಳಕೆಯದಾಗಿಬಿಟ್ಟಿದೆ. ಇಲ್ಲಿ ದಾವಣಗೆರೆಯಲ್ಲೂ ಡಾಂಬರಿಗೇನು ಕೊರತೆಯಿಲ್ಲ. ಅಲ್ಲಿಯವರು ಇಂಗ್ಲಿಷಿಗೆ ಬಳಿದರೆ ಇಲ್ಲಿಯವರು ಹಿಂದಿಗೆ ಬಳಿಯುತ್ತಾರೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುವ ಗಾದೆಯನ್ನು ನಾನು ಶಾಲೆಯಲ್ಲಿ ಉರು ಹೊಡೆದದ್ದು. ಆ ಗಾಡಿಯೊಳಗೆ ಯಾರು ಕೂತಿದ್ದರು ಎಂದು ಮೇಷ್ಟ್ರು ಹೇಳಿರಲಿಲ್ಲ.

ನೆನಪಿದೆಯಲ್ಲ, ನೀವು ಇಂಗ್ಲಿಷ್ ಟೈಪಿಂಗ್ ಪಾಸು ಮಾಡಿ ದೆಹಲಿಯ ಸರ್ಕಾರಿ ಕಚೇರಿಗೆ ಹೊರಟಾಗ ಮಂಗಳಿ ತೊಟ್ಟಿಲಲ್ಲಿದ್ದಳು. ಒಂದು ವರ್ಷ, ಹೆಚ್ಚೆಂದರೆ ಎರಡು, ಆಮೇಲೆ ಕರೆಸಿಕೊಳ್ಳುತ್ತೇನೆ ಎಂದಿದ್ದಿರಿ. ನಮ್ಮಪ್ಪ ಆನೆಕೊಂಡದಿಂದ ಗಾಡಿಯಲ್ಲಿ ಪಾತ್ರೆಗಳನ್ನು ತಂದುಕೊಟ್ಟರು, ಮಗಳು ಪರಸ್ಥಳದಲ್ಲಿ ಸಂಸಾರ ಹೂಡುತ್ತಾಳೆ ಎಂದು. ತಾಮ್ರದ ಹಂಡೆ, ಹಿತ್ತಾಳೆಯ ತಪ್ಪಲೆಗಳು, ಚರಿಗೆ, ರೊಟ್ಟಿ ಹಂಚು, ಸೌಟು. ನಿಮ್ಮ ತಾಯಿ ಅವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ದಬ್ಬಳದಲ್ಲಿ ಹೊಲಿದು ಅಟ್ಟಕ್ಕೆ ಏರಿಸಿದರು. ನಿಮ್ಮ ಮನೆಯ ನೇಮ ನಿಮಗೆ ಗೊತ್ತಿರುವುದೇ: ಹೊಸ ಸಂಸಾರಕ್ಕೆಂದು ಕೊಟ್ಟ ಪಾತ್ರೆಯಲ್ಲಿ ಮೊದಲು ಹೊಸ ಒಲೆಯ ಮೇಲೆ ಹಾಲು ಉಕ್ಕಬೇಕು, ಅಲ್ಲಿಯವರೆಗೆ ಅವು ಬೆಂಕಿ ಕಾಣಬಾರದು. ಕಂಡರೆ ಸಂಸಾರ ಹೂಡುವುದಿಲ್ಲ ಎನ್ನುತ್ತಾರೆ. ಹಾಗಾಗಿ ಒಂದೊಂದು ದೀಪಾವಳಿಗೂ ಹೊಲಿಗೆ ಬಿಚ್ಚಿ, ಹುಣಸೆಹುಳಿ ಹಾಕಿ ತಿಕ್ಕಿ, ಬಿಸಿಲಿಗಿಟ್ಟು, ಮತ್ತೆ ಹೊಲಿಯುತ್ತೇನೆ. ಈ ಓಣಿಯಲ್ಲಿ ನನ್ನಷ್ಟು ಹೊಳೆಯುವ ಪಾತ್ರೆ ಯಾರ ಮನೆಯಲ್ಲೂ ಇಲ್ಲ, ನನ್ನಷ್ಟು ತಿಕ್ಕಿದವರೂ ಇಲ್ಲ. ತಿಕ್ಕುವಾಗ ಕರಿಯವ್ವನಂಥವರು ಬೇಲಿಯಾಚೆಯಿಂದ "ಈ ಸಲ ಹೊರಟ್ರೇನ್ರಿ ಕಮಲಕ್ಕ?" ಎನ್ನುತ್ತಾರೆ. ಮೊದಮೊದಲು ಉತ್ತರ ಕೊಡುತ್ತಿದ್ದೆ, ಈಗ ಹುಳಿ ಇನ್ನಷ್ಟು ಹಾಕಿ ತಿಕ್ಕುತ್ತೇನೆ.

ಅರವತ್ತೈದನೇ ಇಸವಿ ಜನವರಿ ಇಪ್ಪತ್ತಾರಕ್ಕೆ ಇಂಗ್ಲಿಷ್ ಹೋಗಿ ಹಿಂದಿ ಬರುತ್ತದೆ, ಆಗ ಇಂಗ್ಲಿಷ್ ಟೈಪಿಸ್ಟುಗಳನ್ನು ಇಟ್ಟುಕೊಳ್ಳುತ್ತಾರೋ ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ ಎಂದು ಮೊದಲ ವರ್ಷವೇ ಬರೆದಿದ್ದಿರಿ. ಸರಿ, ಕಾದೆವು. ಅರವತ್ತಮೂರರಲ್ಲಿ, ಆಮೇಲೂ ಇಂಗ್ಲಿಷ್ ಇರಬಹುದು ಎಂದು ಕಾಯ್ದೆ ಬಂತು. ಆಗ ನೀವೇ ಸಂತೋಷದಿಂದ ಬರೆದಿರಿ, ಟ್ರಂಕಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆಸಿಡು, ರೈಲಿನಲ್ಲಿ ಕಳೆದುಹೋಗಬಾರದು ಎಂದು. ಪಕ್ಕದ ಮನೆಯ ಪೇಂಟರ್ ಖಾಜಾ ಹುಸೇನ್ ನನ್ನ ಮದುವೆಯ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಿಮ್ಮ ಹೆಸರು, ಕೆಳಗೆ ನ್ಯೂಡೆಲ್ಲಿ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟ. ಅದು ಒಣಗುವುದರೊಳಗೆ ಇನ್ನೊಂದು ಕಾಗದ ಬಂತು, ಇನ್ನೂ ಸ್ವಲ್ಪ ನೋಡೋಣ ಎಂದು. ಅರವತ್ತೈದು ಹತ್ತಿರ ಬಂದಾಗ, ಎಲ್ಲಾ ಹಿಂದಿಯಾಗುತ್ತದೆ, ಹಿಂದಿಯಲ್ಲೂ ಬರೆಸು ಎಂದಿರಿ. ಖಾಜಾ ಹುಸೇನ್ ಅದನ್ನೂ ಬರೆದ. ಬರೆದ ಮೇಲೆ ಕುಂಚ ಒರೆಸುತ್ತಾ, "ಅಕ್ಕಾರೆ, ಈ ಟ್ರಂಕ್‌ನಾಗ ಇನ್ನೊಂದು ಭಾಷೆಗೂ ಜಾಗ ಐತೆ, ಹೋಗೋದು ಯಾವಾಗ್ರಿ?" ಎಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನನಗೆ ಮಾತ್ರ ಸಿಟ್ಟು ಬಂತು.

ಆ ಜನವರಿಯಲ್ಲಿ ನಿಮ್ಮ ತಾಯಿ ಮಾಡಿದ್ದನ್ನು ನಿಮಗೆ ಯಾರೂ ಬರೆದಿಲ್ಲ, ನಾನೂ ಬರೆದಿರಲಿಲ್ಲ. ಊರಿಗೆ ಊರೇ ಇಂಗ್ಲಿಷ್ ಇರಲಿ ಎಂದು ಕೂಗುತ್ತಿತ್ತು. ನಿಮ್ಮ ತಮ್ಮ ಕೊಟ್ರೇಶ ಆಗ ದಾವಣಗೆರೆಯಲ್ಲಿ ಪಿ.ಯು.ಸಿ. ಓದುತ್ತಿದ್ದನಲ್ಲ, ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡು ಮನೆಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸುತ್ತಿದ್ದ. ಅತ್ತೆ ಅವನಿಗೆ ನೀರು ಕಾಯಿಸಿ ಕೊಟ್ಟು, ಸೀರೆಯ ಸೆರಗಿನಲ್ಲಿ ಎಣ್ಣೆ ಬಟ್ಟಲು ಮುಚ್ಚಿಕೊಂಡು ಹರಿಹರೇಶ್ವರನ ಗುಡಿಗೆ ಹೋಗಿ ಹಿಂದಿ ಬರಲಪ್ಪಾ ಎಂದು ದೀಪ ಹಚ್ಚುತ್ತಿದ್ದರು! ನನಗೆ ತಿಳಿದು, ಯಾಕತ್ತೆ ಎಂದೆ. "ಇಂಗ್ಲಿಷ್ ಹೋದ್ರೆ ಇಂಗ್ಲಿಷ್ ಮಿಷಿನ್ ಬಡಿಯೋರ ಕೆಲ್ಸಾನೂ ಹೋಗ್ತೈತೆ. ಕೆಲ್ಸ ಹೋದ್ರೆ ನನ್ ಮಗ ಮನೀಗೆ ಬರ್ತಾನೆ. ಬಂದು ಇಲ್ಲೇ ಏನಾರ ಮಾಡ್ಲಿ" ಎಂದರು. ಇಪ್ಪತ್ತಾರನೇ ತಾರೀಖು ಹೋಳಿಗೆ ಮಾಡಿಕೊಂಡು, ಸ್ಟೇಷನ್ ರಸ್ತೆಯ ಕಡೆ ಮುಖ ಮಾಡಿ ಜಗಲಿಯ ಮೇಲೆ ಕೂತರು. ಅದೇ ದಿನ ಕೆಲಸ ಬಿಡಿಸಿದರೂ ಅದೇ ದಿನ ಹರಿಹರಕ್ಕೆ ಬರಲಾಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಟಾಂಗಾ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಆಮೇಲೆ ಮದ್ರಾಸಿನ ಕಡೆ ದೊಡ್ಡ ಗಲಾಟೆಯಾಗಿ, ಜೀವಗಳು ಹೋಗಿ, ಇಂಗ್ಲಿಷ್ ಇರುತ್ತದೆ ಎಂದು ಸರ್ಕಾರ ಮಾತು ಕೊಟ್ಟಿತು. ಕೊಟ್ರೇಶ ಕುಣಿಯುತ್ತಾ ಬಂದು ಹೇಳಿದ. ಅತ್ತೆ, "ಹಂಗಾರೆ ಅವ್ನು ಬರಲ್ಲ ಅನ್ನು" ಎಂದಷ್ಟೇ ಹೇಳಿ ಒಳಗೆ ಹೋದರು. ನಗಬೇಡಿ. ನಾನು ಮೊದಲು ನಕ್ಕಿದ್ದೆ, ಆಮೇಲೆ ಅಡಿಗೆಮನೆಯಲ್ಲಿ ಅವರನ್ನು ನೋಡಿ ನನ್ನ ನಗು ನಿಂತುಹೋಯಿತು.

ಆ ವಾರವೇ ಕೊಟ್ರೇಶನ ಗೆಳೆಯರು ಮನೆಗೆ ಬಂದು ಚುರುಮುರಿ ತಿನ್ನುವಾಗ ನನ್ನ ಟ್ರಂಕಿನ ಮೇಲಿನ ಹಿಂದಿ ಅಕ್ಷರ ನೋಡಿದರು. ಅವರ ಹತ್ತಿರ ಡಾಂಬರಿನ ಡಬ್ಬಿ ಸಿದ್ಧವಾಗಿತ್ತು. ಹಿಂದಿಗೆ ಮಾತ್ರ ಬಳಿಯುತ್ತೇವೆ ಎಂದು ಹೊರಟವರು ಕೈಜಾರಿ ಇಂಗ್ಲಿಷಿಗೂ ಬಳಿದರು. ಅಂದಿನಿಂದ ನನ್ನ ಟ್ರಂಕಿನ ಮೇಲೆ ನಿಮ್ಮ ಹೆಸರೂ ಇಲ್ಲ, ಊರೂ ಇಲ್ಲ, ಕರೀ ತೇಪೆಯೊಂದಿದೆ. ನೀವು ರಜೆಗೆ ಬಂದಾಗ ಅದರ ಮೇಲೆ ಚಾದರ ಹೊದಿಸಿದ್ದೆ, ನೀವು ಎತ್ತಿ ನೋಡಲಿಲ್ಲ.

ಈಗಿನದು ಕೇಳಿ. ಈ ದೀಪಾವಳಿಗೆ ನಮ್ಮಪ್ಪ ಬಂದಿದ್ದರು. ಹಾಲೇಶಪ್ಪನವರು ಎಂದರೆ ನಿಮಗೆ ಗೊತ್ತಲ್ಲ, ಚಳವಳಿಯಲ್ಲಿ ಜೈಲು ಕಂಡವರು, ಅಲ್ಲೇ ಹಿಂದಿ ಕಲಿತವರು, ಇವತ್ತಿಗೂ ಖಾದಿ ಬಿಟ್ಟು ಬೇರೆ ಉಟ್ಟವರಲ್ಲ. "ಬಿಳೀ ಜನಾನ ಹಡಗು ಹತ್ತಿಸಿ, ಅವ್ರ ಭಾಷೇನ ಕರ್ದು ಮಣೆ ಹಾಕ್ತೀರೇನ್ರೋ?" ಎಂದು ಅವರು. "ಮಾವಾರೆ, ಹಿಂದಿ ತಾಯಿ ಹಾಲಿನ ಜೊತೆ ಕುಡಿದೋರಿಗೂ ನಮಗೂ ಒಂದೇ ಪರೀಕ್ಷೆ ಇಟ್ರೆ ನಾವು ಗೆಲ್ಲದು ಹೆಂಗ್ರಿ? ಇಂಗ್ಲಿಷಾದ್ರೆ ಇಬ್ರಿಗೂ ಪರದೇಶಿ, ಇಬ್ರಿಗೂ ಒಂದೇ ಕಷ್ಟ" ಎಂದು ಕೊಟ್ರೇಶ. ಇಬ್ಬರದೂ ನಿಜವೇ. ಇಬ್ಬರ ಎಲೆಯ ಮೇಲಿನ ಅನ್ನವೂ ಆರಿತು. ಮಧ್ಯೆ ನಿಮ್ಮ ತಾಯಿ, ಕಾಲುವೆ ನೀರಿನದೋ ಏನೋ ತಾಲ್ಲೂಕು ಕಚೇರಿಯಿಂದ ಬಂದ ಇಂಗ್ಲಿಷ್ ನೋಟೀಸು ತಂದು, "ಮೊದ್ಲು ಇದ್ರಾಗೆ ಏನೈತೆ ಹೇಳ್ರಿ, ಆಮೇಲೆ ಬಡಿದಾಡ್ರಿ" ಎಂದು ಇಟ್ಟರು. ಕೊಟ್ರೇಶ ಎರಡು ಸಲ ಓದಿ, ಸರಿಯಾಗಿ ತಿಳಿಯುತ್ತಿಲ್ಲ, ಕಾಲೇಜಿನಲ್ಲಿ ಕೇಳಿಕೊಂಡು ಬರುತ್ತೇನೆ ಎಂದ. ನಮ್ಮಪ್ಪನಿಗೆ ಬಹಳ ಖುಷಿಯಾಯಿತು. ನನಗೆ ಖುಷಿಯೂ ಆಗಲಿಲ್ಲ, ಬೇಸರವೂ ಆಗಲಿಲ್ಲ, ಎಲೆ ಎತ್ತಿದೆ.

ಮಸೂದೆ ಪಾಸಾದ ಮೇಲೆ ಪೇಪರಿನಲ್ಲಿ ಬಂದದ್ದನ್ನು ನಾನು ಕೂತು ಒಂದೊಂದೇ ಸಾಲು ಓದಿದೆ. ನೀವು ಓದಿರುತ್ತೀರಿ, ಆದರೆ ನನ್ನ ಹಾಗೆ ಓದಿರಲಾರಿರಿ. ಹಿಂದಿಯನ್ನು ಒಪ್ಪದ ಅಷ್ಟೂ ರಾಜ್ಯಗಳ ವಿಧಾನಸಭೆಗಳು ಇಂಗ್ಲಿಷ್ ಇನ್ನು ಬೇಡ ಎಂದು ಗೊತ್ತುವಳಿ ಮಾಡಬೇಕಂತೆ. ಒಂದು ರಾಜ್ಯ ಒಲ್ಲೆ ಎಂದರೂ ಇಂಗ್ಲಿಷ್ ಇದ್ದೇ ಇರುತ್ತದಂತೆ. ಎಲ್ಲರೂ ಹೂಂ ಎಂದ ಮೇಲೆ ಪಾರ್ಲಿಮೆಂಟೂ ಹೂಂ ಎನ್ನಬೇಕಂತೆ. ಅಂದರೆ ಏನು? ಎಂದೂ ತೀರ್ಮಾನ ಆಗಬಾರದು ಎಂದೇ ತೀರ್ಮಾನ ಮಾಡಿದ್ದಾರೆ. ದೇಶಕ್ಕೆ ಅದು ಒಳ್ಳೆಯದೇ ಇರಬಹುದು. ಜಗಳ ಹರಿಯದಿದ್ದಾಗ ದೊಡ್ಡ ಮನೆತನಗಳಲ್ಲಿ ಹೀಗೇ ಮಾಡುತ್ತಾರೆ, ಪಾಲಿನ ಮಾತನ್ನು ಮುಂದಿನ ಹಬ್ಬಕ್ಕೆ, ಅದರ ಮುಂದಿನ ಹಬ್ಬಕ್ಕೆ ತಳ್ಳುತ್ತಾ, ಒಂದೇ ಸೂರಿನಡಿ ಉಣ್ಣುತ್ತಾ ಇರುತ್ತಾರೆ. ಆದರೆ ಅವರು ಕಾಯುತ್ತಾ ಕೂತದ್ದು ಒಂದೇ ಸೂರಿನಡಿ. ನಾವು ಯಾವ ಸೂರಿನಡಿ ಕೂತು ಕಾಯುವುದು?

ನೀವು ಸುಳ್ಳು ನೆಪ ಹೇಳುತ್ತೀರಿ ಎಂದು ನಾನು ಬರೆಯುತ್ತಿಲ್ಲ. ನಿಮಗೆ ಹೆದರಿಕೆ. ಕಚೇರಿಯವರು ಇಟ್ಟ ಹಿಂದಿ ಪರೀಕ್ಷೆಗೆ ಕೂತಿರಿ, ಪಾಸಾಗಲಿಲ್ಲ. ಇಂಗ್ಲಿಷ್ ಇವತ್ತು ಇದ್ದರೆ ನಾಳೆ ಇಲ್ಲ. ಹೆಂಡತಿ ಮಗಳನ್ನು ಕರೆಸಿಕೊಂಡ ಮಾರನೇ ದಿನ ಮಿಷಿನ್ನು ಎತ್ತಿ ಮೂಲೆಗಿಟ್ಟರೆ ಗತಿ ಏನು ಎಂಬ ಹೆದರಿಕೆ. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗಿ ಅರ್ಥವಾಗಿಯೇ ಇಷ್ಟು ವರ್ಷ ಹೋದದ್ದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಿಬ್ಬರಿಗೆ ಜಗಳವಾಡುವಷ್ಟು ದಿನ ಒಟ್ಟಿಗೆ ಇರುವ ಭಾಗ್ಯವೂ ಸಿಕ್ಕಿಲ್ಲ. ಎರಡು ಭಾಷೆಗಳು ಜಗಳವಾಡಿದವು, ಕೂಸು ಮಾತ್ರ ನಮ್ಮದೇ ಬಡವಾಯಿತು. ಇದನ್ನು ಯಾಕೆ ಬರೆದೆ ಎಂದರೆ, ಮಂಗಳಿಯ ವಿಷಯ ನಿಮಗೆ ಹೇಳಬೇಕು.

ಎಮ್ಮೆ ಈದ ಮೇಲೆ ಅವಳು ಶಾಲೆಯಿಂದ ಬಂದವಳೇ ಹಿತ್ತಲಿಗೆ ಓಡುತ್ತಾಳೆ, ಕರುವಿನ ಹತ್ತಿರ ಕೂತು ಏನೋ ಮಾತಾಡುತ್ತಾಳೆ. ಮಕ್ಕಳಾಟ ಎಂದುಕೊಂಡಿದ್ದೆ. ಹೋದ ಬುಧವಾರ ಹುಲ್ಲು ಹಾಕಲು ಹೋದಾಗ ಕಿವಿಗೆ ಬಿತ್ತು. ಕರುವಿನ ಮುಖ ಹಿಡಿದುಕೊಂಡು "ಗುಡ್ ಮಾರ್ನಿಂಗ್ ಫಾದರ್, ಹೌ ಆರ್ ಯೂ" ಎನ್ನುತ್ತಿದ್ದಾಳೆ. ಆಮೇಲೆ "ಅಬ್ಬಾ, ಆಪ್ ಕೈಸೇ ಹೈ" ಎನ್ನುತ್ತಾಳೆ. ಮೊದಲನೆಯದು ಅವಳ ಚಿಕ್ಕಪ್ಪನಿಂದ ಕಲಿತದ್ದು, ಎರಡನೆಯದು ಖಾಜಾ ಹುಸೇನನ ಹೆಂಡತಿ ಮಾಬೂಬೀಯಿಂದ. ಯಾರೂ ಕಲಿಸಲು ಕೂತಿಲ್ಲ, ಇವಳೇ ಹೋಗಿ ಇದಕ್ಕೇನಂತಾರೆ ಅದಕ್ಕೇನಂತಾರೆ ಎಂದು ಕೇಳಿಕೊಂಡು ಬಂದಿದ್ದಾಳೆ. ನಾನು ನಗುತ್ತಾ, ಇದೇನೇ ನಿನ್ನ ಪಾರ್ಲಿಮೆಂಟು ಎಂದೆ. ಅವಳು ನಗಲಿಲ್ಲ. "ನಮಗೆ ಭಾಷೆ ಬರಲ್ಲ ಅಂತ ತಾನೇ ಅಪ್ಪ ಕರ್ಕಂಡು ಹೋಗ್ತಿಲ್ಲ? ಅದಕ್ಕೆ ಯಾವುದು ಗೆದ್ರೂ ಆಗ್ಲಿ ಅಂತ ಎರಡೂ ಕಲೀತಿದೀನಿ. ಇನ್ನೊಂದಿಷ್ಟು ದಿನ ತಡೀರಿ ಅಂತ ಅಪ್ಪಗೆ ಬರಿ ಅವ್ವ, ನನಗೆ ಇನ್ನೂ ಪೂರ್ತಿ ಬಂದಿಲ್ಲ" ಎಂದಳು.

ನಾನು ಹುಲ್ಲಿನ ಹೊರೆಯ ಮೇಲೆಯೇ ಕೂತುಬಿಟ್ಟೆ. ಹುಟ್ಟಿದಾಗಿನಿಂದ ಆ ಮಗು ಈ ಮನೆಯಲ್ಲಿ ಕೇಳಿರುವುದು ಅದೊಂದೇ: ಭಾಷೆ ತೀರ್ಮಾನವಾಗದ ಹೊರತು ಅಪ್ಪ ಕರೆಸಿಕೊಳ್ಳುವುದಿಲ್ಲ. ಅವಳು ಅದನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡಿದ್ದಾಳೆ. ತನಗೆ ಬಾರದ್ದರಿಂದ ಅಪ್ಪ ಬಂದಿಲ್ಲ ಎಂದು. ಹೋದ ಸಲ ನೀವು ರಜೆಗೆ ಬಂದಾಗ ನಿಮ್ಮ ಹತ್ತಿರ ಸರಿಯಾಗಿ ಮಾತೇ ಆಡಲಿಲ್ಲವಲ್ಲ, ಹುಡುಗಿಗೆ ನಾಚಿಕೆ ಜಾಸ್ತಿ ಎಂದಿರಲ್ಲ, ಅದು ನಾಚಿಕೆಯಲ್ಲ. ಅಪ್ಪ ಕೇಳಿದ್ದಕ್ಕೆ ಕನ್ನಡದಲ್ಲಿ ಉತ್ತರ ಕೊಟ್ಟರೆ, ಇವಳಿಗೆ ಇನ್ನೂ ಏನೂ ಬರುವುದಿಲ್ಲ ಎಂದು ಗೊತ್ತಾಗಿಬಿಡುತ್ತದೆ ಎಂಬ ಭಯವಂತೆ. ಹಾಗಲ್ಲ ಕಂದಾ, ತಪ್ಪು ನಿನ್ನದಲ್ಲ ಎಂದು ಹೇಳಿದೆ. ತಬ್ಬಿಕೊಂಡು ಹೇಳಿದೆ, ಗದರಿಸಿ ಹೇಳಿದೆ. ತಲೆಯಾಡಿಸಿ ಮತ್ತೆ ಕರುವಿನ ಹತ್ತಿರ ಹೋದಳು. ಅವತ್ತು ನಾನು ಅತ್ತದ್ದು ನಿಮ್ಮ ಮೇಲಿನ ಸಿಟ್ಟಿಗೋ, ಅವಳ ಮೇಲಿನ ಕರುಳಿಗೋ ನನಗೇ ತಿಳಿಯದು. ಅತ್ತೆಗೆ ಹೇಳಿದೆ. ಅವರು ಊಟ ಬಿಟ್ಟು ಮಲಗಿದರು.

ನಿನ್ನೆ ಸಂಕ್ರಾಂತಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಎಲ್ಲರ ಹಾಗೆ ನಾವೂ ಹೊಳೆಗೆ ಹೋಗಿ, ಮಿಂದು, ಮರಳ ಮೇಲೆ ಕೂತು ಉಂಡು ಬಂದೆವು. ಆದರೆ ಹೊರಡುವ ಮುಂಚೆ ಬೆಳಗ್ಗೆ ಒಂದು ನಡೆಯಿತು. ನಾನು ಬಚ್ಚಲಿನಿಂದ ಬರುವಷ್ಟರಲ್ಲಿ ಅತ್ತೆ ಕೊಟ್ರೇಶನನ್ನು ಅಟ್ಟ ಹತ್ತಿಸಿ ಗೋಣಿಚೀಲ ಇಳಿಸಿದ್ದರು. ಕುಡುಗೋಲಿನಿಂದ ಹೊಲಿಗೆಯನ್ನು ಒಂದೇ ಎಳೆತಕ್ಕೆ ಸೀಳಿದರು. ದೊಡ್ಡ ತಪ್ಪಲೆಯನ್ನು ತೆಗೆದು, ತೊಳೆದು, ಎಮ್ಮೆಯ ಹಾಲು ಸುರಿದು, ತಮ್ಮ ಹಳೆಯ ಒಲೆಯ ಮೇಲೆಯೇ ಇಟ್ಟರು. ಉರಿ ಹಚ್ಚುವುದರೊಳಗೆ ನಾನು ಓಡಿಬಂದೆ. ಏನತ್ತೆ ಇದು, ನೀವೇ ಬೆಂಕಿ ಕಾಣಬಾರದು ಎಂದವರು ಎಂದೆ. "ಕಾಯ್ದಿದ್ದು ಸಾಕು ಬಿಡವ್ವ. ಪಾತ್ರೆಗೂ ಬ್ಯಾಸರ ಬರ್ತೈತೆ" ಎಂದು ಊದುಕೊಳವೆ ಎತ್ತಿಕೊಂಡರು. ಹಾಲು ಉಕ್ಕಿ ಒಲೆಗೆ ಬಿತ್ತು. ಅದರಲ್ಲೇ ಗೋಧಿ ಹುಗ್ಗಿ ಮಾಡಿದರು. ನಾವೆಲ್ಲ ಉಂಡೆವು, ರುಚಿಯಾಗಿತ್ತು.

ಪಾತ್ರೆಗಳೆಲ್ಲ ಈಗ ಅಡಿಗೆಮನೆಯ ಹಲಗೆಯ ಮೇಲಿವೆ. ತಪ್ಪಲೆಯ ತಳಕ್ಕೆ ಮಸಿ ಹಿಡಿದಿದೆ, ಹಂಡೆ ಬಚ್ಚಲಿಗೆ ಹೋಯಿತು. ಗೋಣಿಚೀಲವನ್ನು ಎಮ್ಮೆಗರುವಿಗೆ ಹಾಸಿದ್ದೇವೆ. ಇನ್ನು ದೀಪಾವಳಿಗೆ ತಿಕ್ಕಿ ಹೊಲಿಯುವ ಕೆಲಸ ನನಗಿಲ್ಲ. ಯಾವಾಗ ಕರೆಸಿಕೊಳ್ಳುತ್ತೀರಿ ಎಂದು ಇನ್ನು ಮುಂದೆ ಕಾಗದದಲ್ಲಿ ಕೇಳುವುದೂ ಇಲ್ಲ. ಕೇಳಿ ಕೇಳಿ ನನ್ನ ಅಕ್ಷರಕ್ಕೂ ದಣಿವಾಗಿದೆ. ನಿಮಗೂ ಒಂದೇ ಉತ್ತರವನ್ನು ಬೇರೆ ಬೇರೆ ಮಸೂದೆ ಹಾಕಿ ಬರೆಯುವ ಕಷ್ಟ ತಪ್ಪಿತು.

ಎಳ್ಳು ಬೆಲ್ಲವನ್ನು ಈ ಕಾಗದದೊಳಗೆ ಒಂದು ಚಿಟಿಕೆ ಇಟ್ಟಿದ್ದೇನೆ, ಬಾಯಿಗೆ ಹಾಕಿಕೊಂಡು ಒಳ್ಳೆಯ ಮಾತಾಡಿ. ಅತ್ತೆಯವರು ತಲೆಯ ಮೇಲೆ ಕೈ ಇಟ್ಟು ಹರಸಿದ್ದಾರೆ ಎಂದು ಬರೆಯಲು ಹೇಳಿದ್ದಾರೆ. ಕೊಟ್ರೇಶನ ನಮಸ್ಕಾರ, ಮಂಗಳಿಯ ಮುತ್ತು. ಮಫ್ಲರ್ ಸುತ್ತಿಕೊಳ್ಳಿ.

ನಿಮ್ಮ,
ಕಮಲಾ

ತಾ.ಕ.: ಕೊಟ್ರೇಶ ಟಪಾಲಿಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ಸೋಮವಾರ ನಾನು, ಮಂಗಳಿ ಇಲ್ಲಿಂದ ಹೊರಡುತ್ತೇವೆ. ಪುಣೆಯಲ್ಲಿ ಗಾಡಿ ಬದಲಿಸಿ ಗುರುವಾರ ಬೆಳಗ್ಗೆ ದೆಹಲಿಗೆ ಬರುತ್ತೇವೆ. ನಿನ್ನೆಯೇ ಹೇಳಿಕಳಿಸಿದ್ದಕ್ಕೆ ಇವತ್ತು ಬೆಳಗ್ಗೆ ನಮ್ಮಪ್ಪ ಟಿಕೆಟ್ ತೆಗೆಸಿದ್ದಾರೆ. ಬೇಡ ಎಂದು ನೀವು ಬರೆದ ಕಾಗದ ಬರುವುದರೊಳಗೆ ನಾವು ಗಾಡಿಯಲ್ಲಿರುತ್ತೇವೆ. ಭಾಷೆಯ ಗಲಾಟೆಗೆ ಕಾಲೇಜು ಮುಚ್ಚಿದೆಯಲ್ಲ, ಕೊಟ್ರೇಶ ಬಿಟ್ಟು ಬರುತ್ತಾನೆ. ಅಷ್ಟಾದರೂ ಉಪಕಾರವಾಯಿತು. ಅವನು ಬರುವವರೆಗೆ ರಾತ್ರಿ ಅತ್ತೆಯ ಜೊತೆಗೆ ಮಾಬೂಬೀ ಮಲಗುತ್ತಾಳೆ. ಇದು ನನ್ನೊಬ್ಬಳ ತೀರ್ಮಾನವಲ್ಲ. ನಿನ್ನೆ ಹೊಳೆಯ ದಂಡೆಯಲ್ಲಿ ಅತ್ತೆಯೇ, ತವರಿನವರು ತುಂಬಬೇಕಾದ ಉಡಿಯನ್ನು ತಾವೇ ನನಗೆ ತುಂಬಿ, "ಪಾತ್ರೆ ಇದ್ರೆ ತಾನೆ ಅದ್ಕೊಂದು ಶಾಸ್ತ್ರ? ಈಗ ಕೈ ಖಾಲಿ ಐತೆ, ಹೋಗು. ಅವ್ನ ಹತ್ರ ಎಂಥಾ ಪಾತ್ರೆ ಐತೋ ಅದ್ರಾಗೇ ಹಾಲು ಉಕ್ಕಿಸು" ಎಂದರು. ಆ ಸೊಟ್ಟ ಪಾತ್ರೆಯನ್ನು ತಿಕ್ಕಿಡಿ. ಟ್ರಂಕಿಗೆ ಖಾಜಾ ಹುಸೇನ್ ಸೀಮೆಎಣ್ಣೆ ಹಾಕಿ ಡಾಂಬರು ತೆಗೆದು, ಯಾವ ಭಾಷೆ ಬರೀಲಿ ಎಂದ. ಏನೂ ಬೇಡ, ಒಂದು ಚಿತ್ರ ಬರಿ ಎಂದೆ. ಜೋಡೆತ್ತು ಬರೆಯಲು ಹೋದ, ಪಕ್ಷದ ಗುರುತು ಹೊತ್ತು ಓಟು ಕೇಳಲು ಹೊರಟವಳು ಎಂದುಕೊಂಡಾರು ಎಂದು ಗಿಳಿ ಬರೆಸಿದ್ದೇನೆ. ಹಸಿರು ಗಿಳಿಯ ಟ್ರಂಕು ನಮ್ಮದು, ನೋಡಿಕೊಳ್ಳಿ. ಸ್ಟೇಷನ್ನಿನಲ್ಲಿ ನೀವು ನಿಂತಿರಲೇಬೇಕು, ನನಗೆ ದಾರಿ ಕೇಳಲು ಆ ಎರಡು ಭಾಷೆಗಳಲ್ಲಿ ಯಾವುದೂ ಬರುವುದಿಲ್ಲ, ಕೊಟ್ರೇಶನ ಇಂಗ್ಲಿಷ್ ಎಷ್ಟೆಂದು ಆ ನೋಟೀಸಿನಲ್ಲೇ ನೋಡಿದ್ದೇವೆ. ಮಂಗಳಿ ಗಾಡಿ ಇಳಿದ ಕೂಡಲೆ ತಾನು ಕಲಿತದ್ದನ್ನೆಲ್ಲ ನಿಮಗೆ ಒಪ್ಪಿಸುತ್ತಾಳೆ. ಪೂರ್ತಿ ಕೇಳಿ, ನಗಬೇಡಿ. ಕೇಳಿದ ಮೇಲೆ, ತಪ್ಪು ನಿನ್ನದಲ್ಲ ಮಗಳೇ ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ನಂಬುತ್ತಿಲ್ಲ.